ಎರಡು ನಿಮಿಷದ ಅಕ್ಷರ



ಈ ಸಲ ಬರೆಯಲು ಹೊರಟಿರುವುದು ‘ಥ್ರೋ-ಅಪ್’ ಬಗ್ಗೆ. ಊಟ ಮಾಡುತ್ತಾ ಈಮೈಲ್ ಓದುವ ಅಭ್ಯಾಸವಿದ್ದವರು ಗಾಬರಿಯಾಗಬೇಡಿ, ಇದು ಹೊಟ್ಟೆಯ ವಿಷಯವಲ್ಲ! ನ್ಯೂಯಾರ್ಕಿನ ಸಬ್‌ವೇ ರೈಲುಗಳ ಮೇಲೆ 1970ರ ದಶಕದಲ್ಲಿ ಹುಟ್ಟಿದ ಒಂದು ಬಗೆಯ ಅಕ್ಷರಕ್ಕೆ ಆ ಹೆಸರು. ಬಲೂನಿನ ಹಾಗೆ ಉಬ್ಬಿದ ಎರಡೋ ಮೂರೋ ಅಕ್ಷರ, ಒಳಗೆ ಒಂದು ಬಣ್ಣ, ಸುತ್ತ ಇನ್ನೊಂದು ಬಣ್ಣದ ಗೆರೆ, ಅಷ್ಟೆ. ಪಳಗಿದ ಕೈಗೆ ಒಂದೆರಡು ನಿಮಿಷದ ಕೆಲಸ. ಇವತ್ತಿಗೂ ಬ್ರೂಕ್ಲಿನ್-ಕ್ವೀನ್ಸ್ ಎಕ್ಸ್‌ಪ್ರೆಸ್‌ವೇ ಪಕ್ಕದ ಗೋಡೆಗಳಲ್ಲಿ, ಅಂಗಡಿಗಳ ರೋಲಿಂಗ್ ಷಟರ್‌ಗಳ ಮೇಲೆ, ಡೆಲಿವರಿ ಟ್ರಕ್ಕುಗಳ ಮೈಮೇಲೆ ನೀವು ದಿನಾ ನೋಡುವುದು ಇದನ್ನೇ.

ಈಗ ಇದರ ಪುರಾಣ ಯಾಕೆ ಅಂತೀರಾ? ನವೆಂಬರ್ ರಾಜ್ಯೋತ್ಸವದ ವೇದಿಕೆಗೆ ನಮ್ಮ ಭಾನುವಾರದ ಕನ್ನಡ ತರಗತಿಯ ದೊಡ್ಡ ಮಕ್ಕಳು ಒಂದು ಬ್ಯಾನರಿನ ನಕ್ಷೆ ಮಾಡಿಕೊಟ್ಟಿದ್ದಾರೆ. ‘ಕನ್ನಡ’ ಅನ್ನುವ ಒಂದೇ ಪದ, ಉಬ್ಬಿದ ಅಕ್ಷರಗಳಲ್ಲಿ, ಹಳದಿ ತುಂಬಿ ಕೆಂಪು ಅಂಚು ಕಟ್ಟಿದ್ದು. ಹೋದ ತಿಂಗಳ ಸಮಿತಿ ಸಭೆಯಲ್ಲಿ ಅದನ್ನು ಬಿಚ್ಚಿ ತೋರಿಸಿದಾಗ ಹಿರಿಯರೊಬ್ಬರು, “ಇದು ಪುಂಡರ ಲಿಪಿ, ತಾಯಿ ಭುವನೇಶ್ವರಿಯ ಪಟದ ಹಿಂದೆ ಇದನ್ನು ಕಟ್ಟೋದಾ?” ಎಂದು ಕೇಳಿದರು. ಮಾತಿಗೆ ಮಾತು ಬೆಳೆದು ತೀರ್ಮಾನ ಮುಂದಿನ ಸಭೆಗೆ ಹೋಯಿತು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಆ ಬ್ಯಾನರನ್ನು ಕಟ್ಟಬೇಕು. ಆದರೆ ಹಿರಿಯರ ಪ್ರಶ್ನೆಯನ್ನು “ಅವರ ಕಾಲದವರು ಹಾಗೇ ಬಿಡಿ” ಅಂತ ತಳ್ಳಿಹಾಕುವುದು ಸರಿಯಲ್ಲ. 1980ರ ಸುಮಾರಿಗೆ ಈ ಊರಿಗೆ ಬಂದು, ಹೊರಗೆ ಒಳಗೆ ಕಿಟಕಿಯವರೆಗೂ ಬಣ್ಣ ಮೆತ್ತಿದ ರೈಲಿನಲ್ಲಿ ರಾತ್ರಿ ಪಾಳಿ ಮುಗಿಸಿ ಒಬ್ಬರೇ ಮನೆಗೆ ಹೋದವರು ಅವರು. ಆ ಅಕ್ಷರ ಕಂಡರೆ ಅವರಿಗೆ ಆ ಭಯ ನೆನಪಾಗುತ್ತದೆ. 2012ರಲ್ಲಿ ಎಂ.ಎಸ್. ಮಾಡಲು ಬಂದಿಳಿದ ನನಗೆ ಥಳಥಳ ಸ್ಟೀಲಿನ ರೈಲು ಸಿಕ್ಕಿತು, ನಾನು ಧಾರಾಳವಾಗಿ ಕಲೆಯ ಮಾತಾಡಬಹುದು.

ಸ್ವಲ್ಪ ಹಿಂದಕ್ಕೆ ಹೋಗೋಣ. ಈ ಬರಹ ಶುರುವಾದದ್ದು ಚಿತ್ರಕಲೆಯಾಗಿ ಅಲ್ಲ, ಬರೀ ಹೆಸರಾಗಿ. ಮ್ಯಾನ್‌ಹ್ಯಾಟನ್ನಿನ ವಾಷಿಂಗ್ಟನ್ ಹೈಟ್ಸ್‌ನ 183ನೇ ಬೀದಿಯ ಗ್ರೀಕ್ ಮನೆತನದ ಹುಡುಗನೊಬ್ಬ ಕೊರಿಯರ್ ಕೆಲಸಕ್ಕೆ ಊರೆಲ್ಲ ಸುತ್ತುತ್ತಿದ್ದವನು ಹೋದಲ್ಲೆಲ್ಲ ಮಾರ್ಕರ್ ಪೆನ್ನಿನಿಂದ ‘ಟಾಕಿ 183’ ಎಂದು ಬರೆದ. 1971ರ ಜುಲೈನಲ್ಲಿ ನ್ಯೂಯಾರ್ಕ್ ಟೈಮ್ಸ್ ಅವನ ಬಗ್ಗೆ ಬರೆದ ಮೇಲೆ ಊರಿನ ಹುಡುಗರೆಲ್ಲ ಪೆನ್ನು ಹಿಡಿದರು. ಅವನಿಗಿಂತ ಮೊದಲೇ ಬರೆಯುತ್ತಿದ್ದ ‘ಹೂಲಿಯೋ 204’ ಅಂಥವರೂ ಇದ್ದರು, ಪೇಪರಿನಲ್ಲಿ ಬಂದವನಿಗೆ ಹೆಸರು ಬಂತು. (ಇದು ಎಲ್ಲ ಕಾಲಕ್ಕೂ ಇದ್ದದ್ದೇ.) ನನಗೆ ಇಲ್ಲಿ ಕುತೂಹಲ ಹುಟ್ಟಿಸುವುದು ‘ಟಾಕಿ’ ಅನ್ನುವ ಹೆಸರು. ಗ್ರೀಕ್ ಮನೆಗಳಲ್ಲಿ ಡಿಮಿಟ್ರಿಯೋಸ್ ಎಂಬ ದೊಡ್ಡ ಹೆಸರನ್ನು ಮುದ್ದಿನಿಂದ ಮೊಟಕು ಮಾಡಿದರೆ ಟಾಕಿ. ಶಾಲೆಯ ಹಾಜರಿ ಪುಸ್ತಕದಲ್ಲಿ ಒಂದು ಹೆಸರು, ಮನೆಯಲ್ಲಿ ಅಮ್ಮ ಕೂಗುವುದು ಇನ್ನೊಂದು. ನಮ್ಮ ಮನೆಗಳಲ್ಲಿ ಇಲ್ಲವೇ ಪುಟ್ಟ, ಚಿನ್ನು, ಅಪ್ಪಿ? ವಲಸೆ ಬಂದವರ ಮನೆಯ ಮಗು ತನ್ನ ಮನೆಯ ಹೆಸರನ್ನು ಈ ದೊಡ್ಡ ಊರಿನ ಮೇಲೆ ಬರೆಯಿತು. ಇನ್ನೊಂದು ವಿಷಯ, ಇವರು ತಮ್ಮನ್ನು ಪೇಂಟರ್ ಎಂದುಕೊಳ್ಳಲಿಲ್ಲ, ‘ರೈಟರ್’ ಎಂದುಕೊಂಡರು. ಬರಹಗಾರರು!

ಪೆನ್ನಿನ ಸಹಿಗೆ ‘ಟ್ಯಾಗ್’ ಎಂದು ಹೆಸರು. ಎಲ್ಲರೂ ಸಹಿ ಮಾಡತೊಡಗಿದಾಗ ಯಾರ ಸಹಿಯೂ ಕಾಣಿಸದಂತಾಯಿತು. ಆಗ ದೊಡ್ಡ, ಬಣ್ಣದ, ನೆರಳು ಕೊಟ್ಟ ಅಕ್ಷರಗಳು ಬಂದವು. ‘ಮಾಸ್ಟರ್‌ಪೀಸ್’ ಅನ್ನುವುದನ್ನು ಚಿಕ್ಕದು ಮಾಡಿ ‘ಪೀಸ್’ ಎಂದರು. 1972ರಲ್ಲಿ ಬ್ರಾಂಕ್ಸ್‌ನ ‘ಫೇಸ್ 2’ ಎಂಬ ರೈಟರ್ (ನಿಜನಾಮ ಮೈಕಲ್ ಲಾರೆನ್ಸ್ ಮ್ಯಾರೋ, 2019ರಲ್ಲಿ ತೀರಿಕೊಂಡ) ಮೂಲೆಗಳೇ ಇಲ್ಲದ, ಬನ್ನಿನಂತೆ ಉಬ್ಬಿದ ಅಕ್ಷರ ಬರೆದ. ಅದಕ್ಕೆ ‘ಸಾಫ್ಟಿ’ ಎಂದು ಹೆಸರಾಯಿತು. ಥ್ರೋ-ಅಪ್ ಹುಟ್ಟಿದ್ದು ಈ ಸಾಫ್ಟಿಯ ಹೊಟ್ಟೆಯಿಂದ.

ಯಾಕೆ ಹುಟ್ಟಿತು ಅನ್ನುವುದು ನನ್ನಂಥ ಇಂಜಿನಿಯರಿಗೆ ಬಲು ರುಚಿಯಾದ ಪ್ರಶ್ನೆ. ಒಂದು ಒಳ್ಳೆಯ ಪೀಸ್ ಮಾಡಲು ಇಡೀ ರಾತ್ರಿ ಬೇಕು, ಹತ್ತಾರು ಡಬ್ಬಿ ಬಣ್ಣ ಬೇಕು. ರೈಲು ನಿಲ್ಲಿಸುವ ಯಾರ್ಡಿನಲ್ಲಿ ಕತ್ತಲು, ಕಾಲಡಿಯಲ್ಲಿ ಸುಮಾರು 600 ವೋಲ್ಟಿನ ಥರ್ಡ್ ರೈಲ್, ಯಾವ ಗಳಿಗೆಯಲ್ಲಾದರೂ ಪೊಲೀಸ್. ಅಷ್ಟು ಕಷ್ಟಪಟ್ಟು ಮಾಡಿದ್ದನ್ನು ಮರುದಿನ ರಾಸಾಯನಿಕ ಹಾಕಿ ತೊಳೆದರೆ ಮುಗಿಯಿತು. ಇಲಾಖೆಯವರು 1970ರ ದಶಕದ ಕೊನೆಯಲ್ಲಿ ಇಡೀ ಬೋಗಿಗಳನ್ನೇ ತೊಳೆಯಲು ಶುರುಮಾಡಿದ್ದರು, ಅದಕ್ಕೆ ರೈಟರ್‌ಗಳು ‘ಬಫ್’ ಎನ್ನುತ್ತಿದ್ದರು. ಉಳಿಯುವ ಗ್ಯಾರಂಟಿ ಇಲ್ಲದ ಮೇಲೆ ಒಂದಕ್ಕೇ ಎಂಟು ಗಂಟೆ ಸುರಿಯುವುದೋ, ಅಥವಾ ಅಷ್ಟೇ ಹೊತ್ತಿನಲ್ಲಿ ನೂರು ಕಡೆ ಹೆಸರು ಹಾಕುವುದೋ? ಥ್ರೋ-ಅಪ್ ಎರಡನೆಯ ಉತ್ತರ. ಟ್ಯಾಗ್‌ಗಿಂತ ದೊಡ್ಡದಾಗಿ ಕಾಣಬೇಕು, ಪೀಸ್‌ನಷ್ಟು ಹೊತ್ತು ಹಿಡಿಯಬಾರದು.

ಅದಕ್ಕೆ ಬೇಕಾದ ಒಂದೊಂದು ಕತ್ತರಿ ಪ್ರಯೋಗವೂ ಲೆಕ್ಕಾಚಾರದ್ದು. ಹೆಸರನ್ನೇ ಎರಡು ಮೂರು ಅಕ್ಷರಕ್ಕೆ ಇಳಿಸಿದರು. ‘ಐ-ಎನ್’ ಎಂಬ ಬರೀ ಎರಡಕ್ಷರದ ಹೆಸರಿನವನೊಬ್ಬ ರೈಲುಗಳ ಮೇಲೆ ಸಾವಿರಾರು ಹಾಕಿದ್ದಕ್ಕೇ ಹೆಸರುವಾಸಿಯಾದ. ಮೂಲೆ ಬಂದರೆ ಕೈ ನಿಲ್ಲುತ್ತದೆ, ಆದ್ದರಿಂದ ಮೂಲೆಗಳನ್ನು ತೆಗೆದರು. ಅಕ್ಷರ ಅಕ್ಷರದ ನಡುವೆ ಜಾಗ ಬಿಟ್ಟರೆ ಎರಡು ಗೆರೆ ಎಳೆಯಬೇಕು, ಒಂದರ ಮೇಲೊಂದು ಹತ್ತಿಸಿದರೆ ಒಂದೇ ಗೆರೆ ಸಾಕು. ಅಕ್ಷರದೊಳಗಿನ ತೂತು ಬರೀ ಒಂದು ಸೀಳಾಯಿತು, ಇಲ್ಲವೇ ಚುಕ್ಕೆಯಾಯಿತು. ಒಳಗೆ ತುಂಬಲು ಬೆಳ್ಳಿ ಬಣ್ಣ ಮೆಚ್ಚಿನದು, ಯಾಕೆಂದರೆ ಕೆಳಗೆ ಯಾವ ಬಣ್ಣವಿದ್ದರೂ ಒಂದೇ ಸಲಕ್ಕೆ ಮುಚ್ಚುತ್ತದೆ. ಡಬ್ಬಿಯ ಮೂತಿಯನ್ನು ಕಿತ್ತು ಬೇರೆ ಮನೆಬಳಕೆಯ ಸ್ಪ್ರೇ ಡಬ್ಬಿಗಳ ಅಗಲ ಮೂತಿ ಸಿಕ್ಕಿಸಿದರೆ ಗೆರೆ ದಪ್ಪ ಬರುತ್ತದೆ, ಬೇಗ ತುಂಬುತ್ತದೆ. ಕೊನೆಗೆ ಕಪ್ಪೋ ನೀಲಿಯೋ ಅಂಚು, ಆಮೇಲೆ ಓಟ! ಏನನ್ನು ಬಿಟ್ಟರೂ ಅಕ್ಷರ ಅಕ್ಷರವಾಗಿಯೇ ಉಳಿಯುತ್ತದೆ ಅನ್ನುವುದನ್ನು ಹದಿನೈದು ವರ್ಷದ ಹುಡುಗರು ಕತ್ತಲಲ್ಲಿ ಕಂಡುಕೊಂಡರು. ಹೊಟ್ಟೆಯುಬ್ಬಿದ ಸಾಫ್ಟ್‌ವೇರ್ ಬರೆದು ಸಂಬಳ ತೆಗೆದುಕೊಳ್ಳುವ ನನ್ನ ವೃತ್ತಿಯವರು ಇವರ ಮುಂದೆ ಕೂತು ಕಲಿಯುವುದಿದೆ.

ಇದನ್ನು ರೈಟರ್‌ಗಳೇ ಎಲ್ಲರೂ ಒಪ್ಪಲಿಲ್ಲ. ‘ಸ್ಟೈಲ್ ವಾರ್ಸ್’ ಎಂಬ 1983ರ ಸಾಕ್ಷ್ಯಚಿತ್ರ ನೋಡಿಲ್ಲದಿದ್ದರೆ ನೋಡಿ. ಅದರಲ್ಲಿ ‘ಕ್ಯಾಪ್’ ಎಂಬ ಖಳನಾಯಕನೊಬ್ಬ ಬರುತ್ತಾನೆ. ಬೇರೆಯವರು ರಾತ್ರಿಯೆಲ್ಲ ನಿದ್ದೆಗೆಟ್ಟು ಮಾಡಿದ ಪೀಸ್‌ಗಳ ಮೇಲೆ ಎರಡು ನಿಮಿಷದಲ್ಲಿ ತನ್ನ ಮೂರಕ್ಷರದ ಥ್ರೋ-ಅಪ್ ಹಾಕಿ ಹೋಗುವುದು ಅವನ ಕಸುಬು. ತಾನು ಕಲಾವಿದನಲ್ಲ, ತನಗೆ ಲೆಕ್ಕ ಮುಖ್ಯ ಎನ್ನುವ ಧಾಟಿ ಅವನದು. ಪೀಸ್ ಮಾಡುವವರಿಗೆ ಹೊಟ್ಟೆ ಉರಿಯದೆ ಇರುತ್ತದೆಯೇ? ಅಂದರೆ ನಮ್ಮ ಹಿರಿಯರು ಬ್ಯಾನರ್ ನೋಡಿ ಹೇಳಿದ ಮಾತನ್ನು ಅದೇ ಯಾರ್ಡಿನಲ್ಲಿ ನಿಂತು ಅವರ ಜೊತೆಯವರೇ ಹೇಳಿದ್ದರು.

ಊರಿನ ಆಡಳಿತದವರು ಏನು ಮಾಡಿದರು? ಮೇಯರ್ ಕಾಚ್ ಕಾಲದಲ್ಲಿ, 1981ರಲ್ಲಿ, ಕೊರೋನಾ ಯಾರ್ಡಿಗೆ ಎರಡು ಸುತ್ತು ಬೇಲಿ ಹಾಕಿ ನಡುವೆ ಕಾವಲು ನಾಯಿಗಳನ್ನು ಬಿಟ್ಟರು. ಫ್ಲಶಿಂಗ್ ಗಣೇಶ ದೇವಸ್ಥಾನಕ್ಕೆ 7 ನಂಬರ್ ರೈಲಿನಲ್ಲಿ ಹೋಗುವವರೆಲ್ಲ ಆ ಯಾರ್ಡ್ ನೋಡಿದ್ದೀರಿ. ಕೊನೆಯ ಸ್ಟೇಷನ್ನಿಗೆ ಮುಂಚೆ, ಬೇಸ್‌ಬಾಲ್ ಸ್ಟೇಡಿಯಂ ಹತ್ತಿರ ರೈಲುಗಳು ಸಾಲಾಗಿ ನಿಂತಿರುತ್ತವಲ್ಲ, ಅದೇ. ಕ್ಯಾಂಟೀನಿನ ದೋಸೆಯ ಧ್ಯಾನದಲ್ಲಿ ಗಮನಿಸಿರಲಿಕ್ಕಿಲ್ಲ! ನಾಯಿಗಿಂತ ಚೆನ್ನಾಗಿ ಕೆಲಸ ಮಾಡಿದ್ದು 1984ರಲ್ಲಿ ಡೇವಿಡ್ ಗನ್ ಎಂಬ ಅಧಿಕಾರಿ ತಂದ ಒಂದು ಸರಳ ನಿಯಮ. ಒಮ್ಮೆ ತೊಳೆದ ಬೋಗಿಯ ಮೇಲೆ ಮತ್ತೆ ಬಣ್ಣ ಬಿದ್ದರೆ ಅದನ್ನು ಅಳಿಸುವವರೆಗೆ ಓಡಿಸುವಂತಿಲ್ಲ. ಬರೆದದ್ದು ಊರಿಗೆ ಕಾಣಿಸದಿದ್ದರೆ ಬರೆಯುವುದೇಕೆ? 1989ರ ಮೇ 12ರಂದು ಬಣ್ಣ ಬಳಿದ ಕೊನೆಯ ರೈಲನ್ನು ಓಡಾಟದಿಂದ ತೆಗೆದರು. ಆರು ಸಾವಿರಕ್ಕೂ ಹೆಚ್ಚು ಬೋಗಿಗಳು, ಐದು ವರ್ಷ. ಈ ವಿಷಯದಲ್ಲಿ ನಾನು ಇಲಾಖೆಯ ಪರ. ರೈಲು ಎಲ್ಲರದು, ಅದರ ಮೇಲೆ ಹತ್ತು ಜನ ಹೆಸರು ಬರೆದುಕೊಂಡರೆ ಉಳಿದವರದು ಅದು ಅಲ್ಲ ಅಂತಾಗುತ್ತದೆ. ತೊಳೆಯುವವನ ಬೆನ್ನುನೋವನ್ನು ಯಾವ ಸಾಕ್ಷ್ಯಚಿತ್ರವೂ ತೋರಿಸುವುದಿಲ್ಲ.

ಆದರೆ ಈ ಕಥೆಯಲ್ಲಿ ನಾವು ದಾಟಿಹೋಗಬಾರದ ಒಂದು ಹೆಸರಿದೆ, ಮೈಕಲ್ ಸ್ಟೀವರ್ಟ್. 25 ವರ್ಷದ ಕಪ್ಪು ಯುವಕ. 1983ರ ಸೆಪ್ಟೆಂಬರ್ 15ರ ಮುಂಜಾವು ಫಸ್ಟ್ ಅವೆನ್ಯೂ ಸ್ಟೇಷನ್ನಿನ ಗೋಡೆಯ ಮೇಲೆ ಬರೆಯುತ್ತಿದ್ದ ಎಂಬ ಆರೋಪದ ಮೇಲೆ ಟ್ರಾನ್ಸಿಟ್ ಪೊಲೀಸರು ಅವನನ್ನು ಹಿಡಿದರು. ಅವರ ವಶದಲ್ಲಿದ್ದಾಗಲೇ ಪ್ರಜ್ಞೆ ತಪ್ಪಿ ಆಸ್ಪತ್ರೆ ಸೇರಿದವನು ಮತ್ತೆ ಏಳಲಿಲ್ಲ, ಸೆಪ್ಟೆಂಬರ್ 28ರಂದು ತೀರಿಕೊಂಡ. ವಿಚಾರಣೆಗೆ ನಿಂತ ಆರು ಮಂದಿ ಪೊಲೀಸರೂ 1985ರಲ್ಲಿ ಖುಲಾಸೆಯಾದರು. ಗೋಡೆಯ ಮೇಲಿನ ಬರಹಕ್ಕೆ ಕೆಲವರು ಕೊಟ್ಟ ಬೆಲೆ ಇದು. ನಮ್ಮ ಮಕ್ಕಳು ಈ ಅಕ್ಷರದ ಉಬ್ಬನ್ನಷ್ಟೇ ಎತ್ತಿಕೊಂಡು ಟೀ-ಶರ್ಟಿನ ಅಲಂಕಾರ ಮಾಡಿಕೊಂಡರೆ ನನಗೂ ಸಮಾಧಾನವಿಲ್ಲ. ಬ್ರಾಂಕ್ಸ್ ಮತ್ತು ಬ್ರೂಕ್ಲಿನ್ನಿನ ಕಪ್ಪು ಹುಡುಗರು, ಪೋರ್ಟೊರಿಕನ್ ಹುಡುಗರು ಕಟ್ಟಿದ ಲಿಪಿ ಇದು ಎಂದು ತಿಳಿದು ಬರೆಯಲಿ. ತರಗತಿಯಲ್ಲಿ ಒಂದು ಭಾನುವಾರ ಫೇಸ್ 2 ಯಾರು, ಮೈಕಲ್ ಸ್ಟೀವರ್ಟ್ ಯಾರು ಎಂದು ಕನ್ನಡದಲ್ಲೇ ಹೇಳಿಸೋಣ. ಅದು ಒಳ್ಳೆಯ ಭಾಷಣ ಸ್ಪರ್ಧೆಯೂ ಆದೀತು.

ಇನ್ನು ಕಾನೂನಿನ ಮಾತು. ಅನುಮತಿಯಿಲ್ಲದೆ ಇನ್ನೊಬ್ಬರ ಗೋಡೆಯ ಮೇಲೆ ಬರೆಯುವುದು ನ್ಯೂಯಾರ್ಕಿನಲ್ಲಿ ಅಪರಾಧ. ವೀಸಾ, ಗ್ರೀನ್ ಕಾರ್ಡ್ ಎಂದು ವರ್ಷಾನುಗಟ್ಟಲೆ ಕಾಯುತ್ತಿರುವ ನಮ್ಮ ಮನೆಗಳಲ್ಲಿ ಒಂದು ಅರೆಸ್ಟ್ ಏನು ಮಾಡಬಲ್ಲದು ಎಂದು ಬಿಡಿಸಿ ಹೇಳಬೇಕಿಲ್ಲ. ಮಕ್ಕಳಿಗೆ ಇದನ್ನು ಕಟ್ಟುನಿಟ್ಟಾಗಿ ಹೇಳಲೇಬೇಕು. ಆದರೆ ಅಕ್ಷರ ಬೇರೆ, ಅದನ್ನು ಎಲ್ಲಿ ಬರೆಯುತ್ತೀರಿ ಅನ್ನುವುದು ಬೇರೆ. ಇದೇ 7 ನಂಬರ್ ರೈಲಿನ ದಾರಿಯಲ್ಲಿ, ಲಾಂಗ್ ಐಲೆಂಡ್ ಸಿಟಿಯಲ್ಲಿ, ‘ಫೈವ್ ಪಾಯಿಂಟ್ಸ್’ ಎಂಬ ಹಳೇ ಕಾರ್ಖಾನೆ ಕಟ್ಟಡವಿತ್ತು. ಮಾಲೀಕರ ಒಪ್ಪಿಗೆಯಿಂದಲೇ ಗೋಡೆಗಳ ತುಂಬ ಬರೆಯುತ್ತಿದ್ದರು. ನಾನು ಬಂದ ಹೊಸದರಲ್ಲಿ ದೇವಸ್ಥಾನಕ್ಕೆ ಹೋಗುವಾಗ ಕೋರ್ಟ್ ಸ್ಕ್ವೇರ್ ಹತ್ತಿರ ಕಿಟಕಿಗೆ ಮೂಗು ಒತ್ತಿ ನೋಡುತ್ತಿದ್ದೆ. 2013ರ ನವೆಂಬರಿನಲ್ಲಿ ಒಂದು ರಾತ್ರಿ ಎಲ್ಲಕ್ಕೂ ಬಿಳಿ ಬಣ್ಣ ಬಳಿಸಿದರು, 2014ರಲ್ಲಿ ಕೆಡವಿದರು. 2018ರಲ್ಲಿ ಫೆಡರಲ್ ಕೋರ್ಟು 21 ಕಲಾವಿದರಿಗೆ 67 ಲಕ್ಷ ಡಾಲರ್ ಪರಿಹಾರ ಕೊಡಿಸಿತು, 2020ರಲ್ಲಿ ಮೇಲಿನ ಕೋರ್ಟೂ ಎತ್ತಿಹಿಡಿಯಿತು. ಪರಿಹಾರ ಪಡೆದವರಲ್ಲಿ ‘ಲೇಡಿ ಪಿಂಕ್’ ಕೂಡ ಒಬ್ಬರು, ಈಕ್ವೆಡಾರ್‌ನಲ್ಲಿ ಹುಟ್ಟಿ ಕ್ವೀನ್ಸ್‌ನಲ್ಲಿ ಬೆಳೆದವರು, ಹುಡುಗಿಯಾಗಿದ್ದಾಗ ಆ ರೈಲುಗಳ ಮೇಲೆ ಬರೆದವರು. ಪುಂಡರ ಲಿಪಿ ಎಂದು ಕರೆದದ್ದಕ್ಕೆ ಕೋರ್ಟೇ ಬೆಲೆ ಕಟ್ಟಿಕೊಟ್ಟಿತು. ಹಾಗೆ ನೋಡಿದರೆ ಕಾನೂನು ಕಾಪಾಡಿದ್ದು ದೊಡ್ಡ ಪೀಸ್‌ಗಳನ್ನು. ಎರಡು ನಿಮಿಷದ ಥ್ರೋ-ಅಪ್ ಪರವಾಗಿ ಯಾರೂ ಕೋರ್ಟಿಗೆ ಹೋಗುವುದಿಲ್ಲ, ಅದು ಉಳಿಯುವ ಆಸೆಯಿಂದ ಬರೆದದ್ದೂ ಅಲ್ಲ.

ಈಗ ನಮ್ಮ ಬ್ಯಾನರಿಗೆ ಬರೋಣ. ‘ಇದು ಕನ್ನಡ ಲಿಪಿಯ ಅವಮಾನ’ ಅನ್ನುವ ಮಾತು ಸಭೆಯಲ್ಲಿ ಬಂತು. ಅವಸರದ ಅಕ್ಷರ ಕನ್ನಡಕ್ಕೆ ಹೊಸದೇ? ಶಾನುಭೋಗರ ಮೋಡಿ ಅಕ್ಷರ ಮತ್ತೇನು? ಹುಣಸೆ ಬೀಜದ ಅಂಟು ಮತ್ತು ಇದ್ದಿಲು ಬಳಿದ ಕಪ್ಪು ಬಟ್ಟೆಯ ಕಡತದ ಮೇಲೆ ಬಳಪ ಹಿಡಿದು ಕೈ ಎತ್ತದೆ ಓಡಿಸುತ್ತಿದ್ದರಲ್ಲ, ಲೆಕ್ಕ ಬರೆಯುವ ಅವಸರದಲ್ಲಿ ಅಕ್ಷರದ ಅರ್ಧ ಅಂಗವೇ ಹಾರಿಹೋಗುತ್ತಿತ್ತು. ಅದನ್ನು ಓದಲು ಇವತ್ತು ಪಂಡಿತರು ಬೇಕು. ನಮ್ಮ ಅಕ್ಷರ ಗುಂಡಗಾಗಿದ್ದಕ್ಕೂ ಓಲೆಗರಿಯ ಕಾರಣ ಹೇಳುವುದುಂಟು. ಕಬ್ಬಿಣದ ಮೊನೆಯಿಂದ ನೇರ ಗೆರೆ ಎಳೆದರೆ ಗರಿ ಸೀಳಿಬಿಡುತ್ತದೆ ಅಂತ. ಬರೆಯುವ ಸಾಮಾನು, ಬರೆಯಲು ಸಿಗುವ ಹೊತ್ತು, ಇವೆರಡೂ ಲಿಪಿಯನ್ನು ಎಲ್ಲ ಊರಲ್ಲೂ ತಿದ್ದಿವೆ.

ಮಕ್ಕಳು ಮಾಡಿದ ನಕ್ಷೆಯನ್ನು ಮನೆಗೆ ತಂದು ನೋಡಿದೆ. ಅವರು ಎದುರಿಸಿದ ತೊಂದರೆಗಳನ್ನು ನೋಡಿದರೆ ಖುಷಿಯಾಗುತ್ತದೆ. ಅಕ್ಷರ ಉಬ್ಬಿಸಿದರೆ ಒಳಗಿನ ತೂತು ಮುಚ್ಚುತ್ತದೆ. ಇಂಗ್ಲಿಷಿನಲ್ಲಿ ತೂತು ಮುಚ್ಚಿದರೂ ಓದಬಹುದು, ಕನ್ನಡದಲ್ಲಿ ‘ಠ’ದ ಒಳಗಿನ ಚುಕ್ಕೆ ನುಂಗಿದರೆ ‘ರ’ ಆಗಿಬಿಡುತ್ತದೆ, ಕೆಳಗಿನ ಸೀಳು ಮುಚ್ಚಿದರೆ ‘ಧ’ ಹೋಗಿ ‘ದ’ ಆಗುತ್ತದೆ. ಮಹಾಪ್ರಾಣಕ್ಕೇ ಪ್ರಾಣಸಂಕಟ! ಹಾಗಾಗಿ ಯಾವ ಗೆರೆ ಬಿಡಬಹುದು, ಯಾವುದನ್ನು ಬಿಡಲೇಬಾರದು ಎಂದು ಅವರು ಒಂದೊಂದು ಅಕ್ಷರಕ್ಕೂ ಜಗಳವಾಡಿದ್ದಾರೆ. ‘ಡ’ದ ನಡುವಿನ ತಗ್ಗು ಇರಲೇಬೇಕೆಂದು ಒಬ್ಬಳು ಹಟ ಹಿಡಿದಳಂತೆ. ತಲೆಕಟ್ಟು ಎಲ್ಲ ಅಕ್ಷರಕ್ಕೂ ಬೇರೆ ಬೇರೆ ಬೇಕೇ, ಒಂದರಿಂದ ಇನ್ನೊಂದಕ್ಕೆ ಹರಿಯಬಹುದೇ ಎಂದು ಇನ್ನೊಂದು ಚರ್ಚೆ. ನನಗೆ ತುಂಬ ಹಿಡಿಸಿದ್ದು ‘ನ್ನ’. ನ್ಯೂಯಾರ್ಕಿನವರು ಅಕ್ಷರದ ಮೇಲೆ ಅಕ್ಷರ ಹತ್ತಿಸುವುದನ್ನು ಅಭ್ಯಾಸ ಮಾಡಿ ಕಲಿತರು, ನಮ್ಮ ಒತ್ತಕ್ಷರ ಹುಟ್ಟಾ ಒಂದರ ಬುಡದಲ್ಲಿ ಒಂದು ಕೂತಿದೆ. ಮಕ್ಕಳು ಆ ಒತ್ತನ್ನು ‘ನ’ದ ಹೊಟ್ಟೆಯ ಕೆಳಗೆ ಮರಿಯ ಹಾಗೆ ಸೇರಿಸಿದ್ದಾರೆ. ಎರಡೇ ಬಣ್ಣದ ನಿಯಮಕ್ಕೆ ಹಳದಿ ಕೆಂಪಿಗಿಂತ ಒಳ್ಳೆಯ ಜೋಡಿ ಬೇಕೇ?

ಇದೇ ಮಕ್ಕಳಿಗೆ ಕಳೆದ ವರ್ಷ ಕಾಪಿ ಬರೆಸಲು ನಾವು ಪಟ್ಟ ಪಾಡು ತರಗತಿ ನಡೆಸುವವರಿಗೆ ಗೊತ್ತು. ಹತ್ತು ಸಾಲು ಬರೆಯಿರಿ ಎಂದರೆ ಮುಖ ಸೊಟ್ಟಗೆ. ಈಗ ಒಬ್ಬೊಬ್ಬರ ಸ್ಕೆಚ್ ಪುಸ್ತಕದಲ್ಲೂ ‘ಕನ್ನಡ’ ನೂರಾರು ಸಲ ಇದೆ. ಕೆಲವರು ಸ್ಟಾಪ್‌ವಾಚ್ ಇಟ್ಟುಕೊಂಡು ಬರೆದಿದ್ದಾರೆ! ನಮ್ಮಜ್ಜಿ ಮರಳಿನ ಮೇಲೆ ಬೆರಳು ಹಿಡಿದು ತಿದ್ದಿಸಿದ್ದು ಇದನ್ನೇ, ಕೈಗೆ ಅಕ್ಷರ ನೆನಪಾಗುವವರೆಗೆ ಅದನ್ನೇ ಮತ್ತೆ ಮತ್ತೆ ಬರೆಯುವುದು. ಮನೆಯಲ್ಲಿ ಕನ್ನಡ ಮಾತಾಡುವ ಮಕ್ಕಳು ನಮ್ಮಲ್ಲಿ ಇನ್ನೂ ಇದ್ದಾರೆ, ಓದಿ ಬರೆಯುವವರು ಬೆರಳೆಣಿಕೆ. ಹದಿನಾರು ವರ್ಷದವನು ತಾನಾಗಿ ‘ಡ’ ಮತ್ತು ‘ಢ’ದ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಂಡಿರುವಾಗ ನಾವು ನಕ್ಷೆಯನ್ನು ಮಡಚಿ ಬೀರುವಿಗೆ ಹಾಕಿದರೆ ಅವನು ಮುಂದಿನ ಭಾನುವಾರ ಬರುತ್ತಾನೆಯೇ?

ಹಿರಿಯರಿಗೆ ನನ್ನದೊಂದು ಸಲಹೆ ಇದೆ. ಭುವನೇಶ್ವರಿಯ ಪಟದ ಹಿಂದೆ ಬೇಡ ಅನ್ನಿಸಿದರೆ ಬೇಡ, ಅಲ್ಲಿ ಮೊದಲಿನಂತೆ ರೇಷ್ಮೆ ಪರದೆಯೇ ಇರಲಿ. ಸಭಾಂಗಣದ ಬಾಗಿಲಿನ ಎದುರಿಗೆ, ಎಲ್ಲರೂ ಫೋಟೋ ತೆಗೆಸಿಕೊಳ್ಳುವ ಜಾಗದಲ್ಲಿ, ಇದನ್ನು ನಿಲ್ಲಿಸೋಣ. ಮಕ್ಕಳಿಗೂ ಅದೇ ಇಷ್ಟ, ಕೇಳಿದ್ದೇನೆ. ಮತ್ತು ಪ್ರಿಂಟ್ ಹಾಕಿಸುವುದು ಬೇಡ, ಅವರೇ ಕೈಯಾರೆ ಬರೆಯಲಿ.

ಮುಂದಿನ ಸಭೆಯಲ್ಲಿ ಒಪ್ಪಿಗೆ ಸಿಕ್ಕರೆ ಬೇಕಾಗುವ ಸಾಮಾನು: 4 ಅಡಿ ಅಗಲ 8 ಅಡಿ ಉದ್ದದ ಪ್ಲೈವುಡ್ ಹಲಗೆ ಮೂರು, ನೆಲಕ್ಕೆ ಹಾಸಲು ಹಳೇ ಬೆಡ್‌ಶೀಟ್, ಮೂಗು ಬಾಯಿಗೆ ಮಾಸ್ಕ್. ನ್ಯೂಯಾರ್ಕ್ ಸಿಟಿಯಲ್ಲಿ ಚಿಕ್ಕ ವಯಸ್ಸಿನವರಿಗೆ ಸ್ಪ್ರೇ ಬಣ್ಣ ಮಾರುವಂತಿಲ್ಲ, ಹಾಗಾಗಿ ಡಬ್ಬಿಗಳನ್ನು ನಾನೇ ಕೊಂಡು ತರುತ್ತೇನೆ, ಮುಗಿಯುವವರೆಗೆ ಅಲ್ಲೇ ಇರುತ್ತೇನೆ. ಯಾರ ಮನೆಯ ಹಿತ್ತಿಲು ದೊಡ್ಡದಿದೆಯೋ, ಯಾರ ಗ್ಯಾರೇಜಿನಲ್ಲಿ ಪ್ಲೈವುಡ್ ಸುಮ್ಮನೆ ಬಿದ್ದಿದೆಯೋ, ದಯವಿಟ್ಟು ಸಮಿತಿಗೆ ಒಂದು ಸಾಲು ಬರೆದು ತಿಳಿಸಿ. ಬೇಡ ಅನ್ನುವವರೂ ಬರೆಯಿರಿ. ಸಭೆಗಿಂತ ಮುಂಚೆ ಬಂದು ಮಕ್ಕಳ ಸ್ಕೆಚ್ ಪುಸ್ತಕಗಳನ್ನು ಒಮ್ಮೆ ನೋಡಿ ಹೋದರೆ ಇನ್ನೂ ಸಂತೋಷ, ಭಾನುವಾರ ತರಗತಿ ಮುಗಿದ ಮೇಲೆ ಅರ್ಧ ಗಂಟೆ ಅಲ್ಲೇ ಇಟ್ಟಿರುತ್ತೇವೆ.